ವಿಷಗಿಡದ ಹೊಗೆ ಮತ್ತು ಪ್ರಮಾದದ ಹಿಂಸೆ

ಹಿತ್ತಿಲು ಸವರಿದ ಮೇಲೆ ಸೊಪ್ಪು-ಕಡ್ಡಿ ಗುಡ್ಡೆ ಹಾಕಿ ಬೆಂಕಿ ಕೊಡುವುದು ಹಳೆಯ ರೂಢಿ. ಆ ಗುಡ್ಡೆಯಲ್ಲಿ ಕಣಗಿಲೆ, ಎಕ್ಕ, ಉಮ್ಮತ್ತಿ, ಕಾಂಗ್ರೆಸ್ ಗಿಡ, ಮಲೆನಾಡಾದರೆ ಕಾಡುಗೇರಿನ ಟೊಂಗೆಯೂ ಸೇರಿರಬಹುದು. ಹೊಗೆ ಬೇಲಿ ದಾಟಿ ಪಕ್ಕದ ಮನೆಗೆ ನುಗ್ಗುತ್ತದೆ. ಹಚ್ಚಿದವನಿಗೆ ಯಾರ ಮೇಲೂ ಹಗೆಯಿಲ್ಲ. ಅಂಗಳ ಚೊಕ್ಕಟವಾದರೆ ಸಾಕು. ಕೇಡು ಬಗೆಯದೆ ಮಾಡಿದ ಕೇಡು ಹಿಂಸೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಕೇಡು ಹೇಗೆ ತಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ಪಾಯ್ಸನ್ ಐವಿ ಬಳ್ಳಿ ಗೇರಿನ ಕುಟುಂಬಕ್ಕೆ ಸೇರಿದ್ದು. ಅದರ ಸೊನೆಯಲ್ಲಿರುವ ಉರುಶಿಯಾಲ್ ಬೆಂಕಿಯಲ್ಲಿ ಪೂರ್ತಿ ನಾಶವಾಗದೆ ಮಸಿಯ ಕಣಗಳಿಗೆ ಅಂಟಿಕೊಂಡು ಹಾರುತ್ತದೆ. ಉಸಿರಿನೊಂದಿಗೆ ಒಳಗೆ ಹೋದರೆ ಗಂಟಲು, ಶ್ವಾಸನಾಳಗಳು ಊದಿಕೊಳ್ಳುತ್ತವೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರಿನ ಕಪ್ಪು ಸೊನೆಯಲ್ಲಿರುವುದೂ ಇದರ ಹತ್ತಿರದ ಪದಾರ್ಥವೇ. ಕಾಂಗ್ರೆಸ್ ಗಿಡದ ಒಣಪುಡಿ ಗಾಳಿಯಲ್ಲಿ ಬಂದು ತಾಗಿದರೂ ಕೆಲವರ ಮುಖ, ಕುತ್ತಿಗೆ ಕೆಂಪಾಗಿ ತುರಿಸುತ್ತದೆ. ವಿಷಗಿಡವೇ ಇಲ್ಲದಿದ್ದರೂ ಹಸಿಸೊಪ್ಪಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಇದ್ದೇ ಇರುತ್ತವೆ. ಉಬ್ಬಸದವರಿಗೆ ಅಷ್ಟೇ ಸಾಕು.

ಅಲರ್ಜಿ ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಮೊದಲ ಸಲ ಏನೂ ಆಗದವನಿಗೆ ಮತ್ತೊಂದು ಸಲ ಮೈಯೆಲ್ಲ ಬೊಕ್ಕೆ ಏಳಬಹುದು. ಅದೂ ಒಂದೆರಡು ದಿನ ತಡವಾಗಿ. ಆದ್ದರಿಂದ, ವರ್ಷಗಟ್ಟಲೆ ಸುಟ್ಟರೂ ತನಗೇನೂ ಆಗಲಿಲ್ಲ ಎಂಬ ಮಾತು ಸುಳ್ಳಲ್ಲದಿದ್ದರೂ ಸಮಜಾಯಿಷಿಯಾಗದು.

ಇಂಥ ಹೊಗೆ ಅಪಾಯಕಾರಿ ಎಂಬ ತಿಳಿವಳಿಕೆ ಈಚಿನದೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಪತ್ತೆ ಮಾಡಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ 14ನೆಯ ಅಧಿಕರಣದಲ್ಲಿ ಶತ್ರುಗಳ ಮೇಲೆ ಬಿಡುವ ವಿಷಧೂಮಗಳ ಪಾಕಗಳಿವೆ. ಒಂದರಲ್ಲಿ ಕರವೀರ, ಅಂದರೆ ಕಣಗಿಲೆ, ಸೇರಿದೆ. ಗಾಳಿ ಎಲ್ಲಿಯವರೆಗೆ ಒಯ್ಯುತ್ತದೋ ಅಲ್ಲಿಯವರೆಗೂ ಆ ಹೊಗೆ ಕೊಲ್ಲುತ್ತದೆ ಎಂಬುದು ಗ್ರಂಥದ ನಂಬಿಕೆ. ಪಾಕದ ಬಲ ನಿಜವೋ ಅಲ್ಲವೋ, ಹೊಗೆಗೆ ಎಲ್ಲೆಯಿಲ್ಲ ಎಂಬ ಮಾತಂತೂ ನಿಜ. ಅಲ್ಲಿ ಸಂಕಲ್ಪವಿತ್ತು, ಹಿತ್ತಿಲಲ್ಲಿ ಅದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು?

ಬೌದ್ಧರ ಪ್ರಕಾರ ಕರ್ಮದ ತಿರುಳು ಚೇತನ, ಎಂದರೆ ಉದ್ದೇಶ. ಆ ಲೆಕ್ಕದಲ್ಲಿ ಬೆಂಕಿ ಹಚ್ಚಿದವನು ಬಹುಪಾಲು ಪಾರಾಗುತ್ತಾನೆ. ಜೈನರು ಅಷ್ಟು ಸುಲಭವಾಗಿ ಬಿಡುವುದಿಲ್ಲ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣದೊಳಗೇ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಸೇರಿಸಿದೆ. ಕುಂದಕುಂದಾಚಾರ್ಯರು ಇನ್ನೂ ಮುಂದೆ ಹೋಗುತ್ತಾರೆ: ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಕಾಲಿಗೆ ಹುಳ ಸಿಕ್ಕಿ ಸತ್ತರೂ ಅವನಿಗೆ ದೋಷವಿಲ್ಲ; ನೋಡದೆ ನಡೆದವನಿಗೆ ಯಾವ ಜೀವವೂ ಸಾಯದಿದ್ದರೂ ದೋಷವಿದೆ. ಹಾಗಾದರೆ ಹೊಗೆ ಕುಡಿದ ಪಕ್ಕದ ಮನೆಯವರು ಆಸ್ಪತ್ರೆ ಸೇರಿದರೋ ಇಲ್ಲವೋ ಎಂಬುದರ ಮೇಲೆ ತೀರ್ಪು ನಿಲ್ಲುವುದಿಲ್ಲ.

ಗೃಹಸ್ಥ ಒಲೆ ಹಚ್ಚದೆ, ಕಳೆ ಕೀಳದೆ ಬದುಕಲಾರ ಎಂಬುದೂ ಜೈನರಿಗೆ ಗೊತ್ತಿತ್ತು. ಅಂಥ ಅನಿವಾರ್ಯ ಹಿಂಸೆಯನ್ನು ಆರಂಭಿ ಎಂದು ಬೇರೆಯಾಗಿಟ್ಟು ಅವನಿಗೆ ರಿಯಾಯಿತಿ ಕೊಟ್ಟರು. ಆದರೆ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ‘ಪ್ರಮಾದಚರ್ಯೆ’ ಎಂದು ಹೆಸರಿಸಿ ದೂರವಿಡುವ ಕೆಲಸಗಳಲ್ಲಿ ವ್ಯರ್ಥವಾಗಿ ಬೆಂಕಿ ಹಚ್ಚುವುದೂ ಇದೆ, ವ್ಯರ್ಥವಾಗಿ ಗಿಡ ಕಡಿಯುವುದೂ ಇದೆ. ಹಿತ್ತಿಲ ಬೆಂಕಿಯನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆಗೋಲು ಸಿಗುವುದು ಕಷ್ಟ. ಹೂ ಬಿಡುವ ಮೊದಲೇ ಕಿತ್ತ ಕಾಂಗ್ರೆಸ್ ಗಿಡ ಗೊಬ್ಬರದ ಗುಂಡಿಯಲ್ಲಿ ಕೊಳೆಯುತ್ತದೆ. ಕಣಗಿಲೆಯ ಕೊಂಬೆಯನ್ನು ದನಕರು ಬಾಯಿಹಾಕದ ಕಡೆ ಹೂಳಬಹುದು. ಬೇರೆ ದಾರಿ ಇದ್ದಮೇಲೆ ಬೆಂಕಿ ಅನಿವಾರ್ಯವಲ್ಲ, ಬರೀ ಸೋಮಾರಿತನ.

ಬೆಂಕಿಗೆ ಹೊಗೆ ಇರುವಂತೆ ಎಲ್ಲ ಕೆಲಸಕ್ಕೂ ದೋಷವಿದ್ದೇ ಇದೆ ಎಂಬ ಭಗವದ್ಗೀತೆಯ 18ನೆಯ ಅಧ್ಯಾಯದ ಮಾತನ್ನು ಇಲ್ಲಿ ಅಡ್ಡ ತರುವವರಿದ್ದಾರೆ. ಆ ಮಾತು ಹೇಳಿರುವುದು ಸಹಜ ಕರ್ಮವನ್ನು ಬಿಡಬಾರದೆಂದು. ಕಸ ಸುಡುವುದು ಯಾರ ಸ್ವಧರ್ಮವೂ ಅಲ್ಲ.

ಹಚ್ಚಿದವನಿಗೆ ಗಿಡದ ಗುಣ ಗೊತ್ತಿರದಿದ್ದರೆ ಪಕ್ಕದವರಿಗೂ ಒಂದು ಹೊಣೆ ಬರುತ್ತದೆ: ಜಗಳಕ್ಕೆ ಮೊದಲು ತಿಳಿಸುವುದು. ತಿಳಿಸಿದ ಮೇಲೂ ಹಚ್ಚಿದರೆ ಅದನ್ನು ಪ್ರಮಾದ ಎನ್ನಲಾಗದು. ಕಾನೂನೂ ಸರಿಸುಮಾರು ಇದೇ ಗೆರೆ ಎಳೆದಿದೆ. ಪರಿಣಾಮ ಹೀಗಾದೀತು ಎಂದು ನಂಬಲು ಕಾರಣವಿದ್ದೂ ಮಾಡಿದ ಕೆಲಸವನ್ನು ಅದು ಸ್ವಇಚ್ಛೆಯದೆಂದೇ ಎಣಿಸುತ್ತದೆ. ನೆರೆಹೊರೆಯ ಜನರ ಆರೋಗ್ಯಕ್ಕೆ ಹಾನಿಯಾಗುವಂತೆ ಹೀಗೆ ಗಾಳಿ ಕೆಡಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 280ನೆಯ ಕಲಮಿನಡಿ 1,000 ರೂಪಾಯಿವರೆಗೆ ದಂಡ ಹಾಕಬಹುದು.