ಇಂದಿನ ಧಮ್ಮ ಚಿಂತನೆ: ರಾಹುಲ ಇಟ್ಟ ನೀರು



ಇವತ್ತು ಬರೆಯುವ ಪಾಳಿ ನನ್ನದು. ಮಕ್ಕಳ ಮನಸ್ಸಿನ ಬಗ್ಗೆ ಬರೆಯಿರಿ ಎಂದು ನಮ್ಮ ಓದಿನ ಬಳಗದ ಅಕ್ಕನವರು ಹೇಳಿದಾಗ ಮೊದಲು ಬೇಡ ಅಂದೆ. ಬರೆದರೆ ನನ್ನ ಮನೆಯ ಮಾತನ್ನೇ ಬರೆಯಬೇಕು. ಮಗನನ್ನು ಕೇಳಿದೆ. "ನನ್ನ ಹೆಸರು ಹಾಕಬ್ಯಾಡ್ರಿ, ಅಷ್ಟ" ಅಂದ. ಹಾಕಿಲ್ಲ.

ಶಿವಬಸವ ನಗರದಲ್ಲಿ ನಮ್ಮದು ಬಾಡಿಗೆ ಮನೆ. ನಾನು ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಮಗ ಏಳನೇ ಇಯತ್ತೆ. ಬೆಳಗಾವಿಯ ಆಷಾಢದ ಮಳೆ ನಿಮಗೆ ಗೊತ್ತೇ ಇದೆ. ಒಂದು ಸಂಜೆ ಅವನ ಪಾಟಿಚೀಲ ಪೂರಾ ತೊಯ್ದಿತ್ತು. ಮನೆಯವರು ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಆರಲು ಇಡುತ್ತಿದ್ದಾಗ ಗಣಿತದ ಟೆಸ್ಟ್ ಪೇಪರ್ ಹೊರಗೆ ಬಂತು. 25ಕ್ಕೆ 9. ಕೆಳಗೆ ಪಾಲಕರ ಸಹಿ. ನನ್ನ ಹೆಸರು, ನನ್ನದಕ್ಕಿಂತ ದುಂಡಗಿನ ಅಕ್ಷರ.

ಆಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮೇಲಿನ ಮನೆಯ ಮಾಲೀಕರು ಬಾಗಿಲಲ್ಲಿ ನಿಂತಿದ್ದರು, ಅವರ ಎದುರಿಗೇ ಚೀರಾಡಿದೆ. ಅದೂ ಸಾಲದೆ ಗೋಡೆಯ ಮೇಲಿನ ಫೋಟೋ ತೋರಿಸಿ, "ಬಾಬಾಸಾಹೇಬರು ಹೆಂಗ ಓದಿದ್ರು, ನೀ ಹೆಂಗ ಓದ್ತೀ? ಅವರ ಫೋಟೋದ ಮುಂದ ನಿಂದರಾಕರ ನಿನಗ ಲಾಯಕಿ ಐತೇನು?" ಅಂದೆ. ಹುಡುಗ ಅಳಲಿಲ್ಲ. ತಲೆ ತಗ್ಗಿಸಿ ನಿಂತ.

ಮರುದಿನದಿಂದ ಎಲ್ಲದಕ್ಕೂ ಬರೀ "ಹ್ಞೂಂ". ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ರವಿವಾರ ಮಾತ್ರ ಇಲ್ಲ. ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಅವನನ್ನು ಹೊರಗೆ ಕೂರಿಸಿ, "ಮನ್ಯಾಗ ಏನರ ಆಗೇತೇನ್ರಿ?" ಎಂದು ಕೇಳಿದರು. ಏನೂ ಇಲ್ಲ ಅಂದೆ. ಅದೂ ಸುಳ್ಳೇ. ಇನ್ನೊಂದು ಸಂಗತಿ ಮನೆಯವರು ಗಮನಿಸಿದ್ದರು, ನಾನಲ್ಲ. ಸಂಜೆ ವಂದನೆಗೆ ಎಲ್ಲರೂ ಕೂತಾಗ ಹುಡುಗ ಬಾಬಾಸಾಹೇಬರ ಫೋಟೋ ಕಡೆ ಕಣ್ಣೆತ್ತಿ ನೋಡುವುದನ್ನೇ ಬಿಟ್ಟಿದ್ದ.

ಅದರ ಮುಂದಿನ ರವಿವಾರ ನಮ್ಮ ಓದಿಗೆ ಮಜ್ಝಿಮ ನಿಕಾಯದ 61ನೇ ಸುತ್ತ ಬಂತು, ಅಂಬಲಟ್ಠಿಕ ರಾಹುಲೋವಾದ ಸುತ್ತ. ಗಟ್ಟಿಯಾಗಿ ಓದುವ ಸರದಿ ನನ್ನದೇ ಆಗಬೇಕೇ! ಸುಳ್ಳಿನ ಬಗ್ಗೆ ಬುದ್ಧರು ತಮ್ಮ ಮಗ ರಾಹುಲನಿಗೆ ಹೇಳಿದ ಮಾತು ಅದು. ರಾಹುಲನಿಗೆ ಆಗ ಏಳು ವರ್ಷ ಎಂದು ಅಟ್ಠಕಥೆ ಹೇಳುತ್ತದೆ. ಭಿಕ್ಷುಗಳು, ಭಿಕ್ಷುಣಿಯರು, ಉಪಾಸಕರು, ಉಪಾಸಿಕೆಯರು ಎಲ್ಲರೂ ಮತ್ತೆ ಮತ್ತೆ ಕೇಳಬೇಕೆಂದು ಅಶೋಕ ಮಹಾರಾಜ ಬೈರಾಟ್ ಶಾಸನದಲ್ಲಿ ಏಳು ಪಾಠಗಳ ಹೆಸರು ಕೆತ್ತಿಸಿದ್ದಾನಲ್ಲ, ಅದರಲ್ಲಿ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಉಪದೇಶವೂ ಒಂದು.

ಪ್ರಸಂಗ ಹೀಗಿದೆ. ಬುದ್ಧರು ರಾಜಗೃಹದ ವೇಳುವನದಲ್ಲಿದ್ದರು, ರಾಹುಲ ಅಂಬಲಟ್ಠಿಕದಲ್ಲಿ. ಸಂಜೆ ಧ್ಯಾನದಿಂದ ಎದ್ದು ಬುದ್ಧರೇ ಅವನಿದ್ದಲ್ಲಿಗೆ ಹೋದರು. ಕರೆಸಲಿಲ್ಲ, ತಾವೇ ನಡೆದು ಹೋದರು. ದೂರದಿಂದ ಬರುವುದನ್ನು ಕಂಡು ರಾಹುಲ ಆಸನ ಹಾಕಿದ, ಕಾಲು ತೊಳೆಯಲು ನೀರು ಇಟ್ಟ. ಬುದ್ಧರು ಕೂತು ಕಾಲು ತೊಳೆದುಕೊಂಡು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿದರು. ಈ ಚೂರು ನೀರು ಕಾಣುತ್ತಿದೆಯಾ ಎಂದು ಕೇಳಿದರು. ನಾಚಿಕೆಯಿಲ್ಲದೆ ಬೇಕೆಂದೇ ಸುಳ್ಳು ಹೇಳುವವನಲ್ಲಿ ಸಾಧನೆ ಇಷ್ಟೇ ಉಳಿಯುತ್ತದೆ ಎಂದರು. ಆ ನೀರನ್ನು ಚೆಲ್ಲಿದರು, ಪಾತ್ರೆಯನ್ನು ಬೋರಲು ಮಾಡಿದರು, ಮತ್ತೆ ನೆಟ್ಟಗಿಟ್ಟು ಖಾಲಿ ಒಳಗನ್ನು ತೋರಿಸಿದರು.

ನೋಡಿ, ಇದು ಮುದ್ದು ಮಾಡಿ ಬಿಡುವ ಮಾತಲ್ಲ. ಮಕ್ಕಳಿಗೆ ಏನೂ ಅನ್ನಬಾರದು ಎಂದು ಈಗ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಏಳು ವರ್ಷದ ಹುಡುಗನಿಗೆ ಬುದ್ಧರು ಖಡಕ್ಕಾಗಿಯೇ ಹೇಳಿದರು. ಆದರೆ ಅಲ್ಲಿ ಸಿಟ್ಟಿಲ್ಲ. ನೋಡಲು ನಿಂತ ಮಂದಿ ಇಲ್ಲ. ಸಾರಿಪುತ್ತನನ್ನು ನೋಡಿ ಕಲಿ ಎಂಬ ಹೋಲಿಕೆ ಇಲ್ಲ. ಪಾಠಕ್ಕೆ ಬಳಸಿದ್ದು ಆ ಹುಡುಗನೇ ಪ್ರೀತಿಯಿಂದ ತಂದಿಟ್ಟ ನೀರು.

ಆಮೇಲೆ ಕನ್ನಡಿಯ ಮಾತು ಬರುತ್ತದೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಒಂದು ಕೆಲಸ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ನೋವೇ, ಬೇರೆಯವರಿಗೆ ನೋವೇ? ನಡತೆಯಲ್ಲೋ ಮಾತಲ್ಲೋ ತಪ್ಪಾಗಿದ್ದರೆ ಗುರುಗಳ ಬಳಿ ಅಥವಾ ತಿಳಿದ ಸಂಗಾತಿಗಳ ಬಳಿ ಬಿಚ್ಚಿ ಹೇಳಿಕೋ, ಮುಂದೆ ಎಚ್ಚರವಾಗಿರು.

ಅಲ್ಲಿಗೆ ಓದು ನಿಲ್ಲಿಸಿದೆ. ಗಂಟಲು ಕಟ್ಟಿತ್ತು. ಏನಾಯಿತು ಎಂದು ಅಕ್ಕನವರು ಕೇಳಿದರು, ಹೇಳಿದೆ. ಅವರು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು. ಒಂದೇ ಪ್ರಶ್ನೆ ಹಾಕಿದರು: "ಬಿಚ್ಚಿ ಹೇಳು ಅಂತ ಸುತ್ತ ಹೇಳತೈತಿ, ಖರೆ. ನಿಮ್ಮ ಹುಡುಗ ಯಾರ ಮುಂದ ಬಿಚ್ಚಬೇಕಿತ್ತ್ರಿ?"

ಆ ಸಂಜೆ ಮಗ ಮೆಟ್ಟಿಲ ಮೇಲೆ ಮಳೆ ನೋಡುತ್ತ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಏನು ಮಾತಾಡಬೇಕೋ ತಿಳಿಯಲಿಲ್ಲ. ಕೊನೆಗೆ ನನ್ನದೇ ಒಂದು ಹಳೆಯ ತಪ್ಪು ಹೇಳಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜಾಬ್‌ನ ಬೋರ್ ಅಳತೆ ಮೀರಿ ತಿಂದುಬಿಟ್ಟಿದ್ದೆ. ಸೂಪರ್‌ವೈಸರ್ ಅಂಜಿಕೆಗೆ ರಜಿಸ್ಟರ್‌ನಲ್ಲಿ ಸರಿಯಾದ ಅಳತೆಯನ್ನೇ ಬರೆದು ಸಹಿ ಹಾಕಿದೆ. ಆ ಪೀಸ್ ವಾಪಸ್ ಬರುವವರೆಗೆ ಹದಿನೈದು ದಿನ ನನಗೆ ನಿದ್ದೆ ಇರಲಿಲ್ಲ.

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಮೊದಲನೇ ಸಲ ಕಮ್ಮಿ ಬಿದ್ದಾಗ ನಾ ನಿಮಗ ಹೇಳಿದ್ನಲ್ರಿ ಅಪ್ಪಾ. ಆವಾಗ ನೀವು ಪುಸ್ತಕ ಒಗದ್ರಿ."

ನನಗೆ ನೆನಪೇ ಇರಲಿಲ್ಲ. ಮನೆಯವರನ್ನು ಕೇಳಿದೆ. ಹೌದು ಅಂದರು. ಐದನೇ ಇಯತ್ತೆಯಲ್ಲಿದ್ದಾಗ ನಡೆದದ್ದು. ನಾನು ಶಿಫ್ಟ್ ಮುಗಿಸಿ ಬಂದಿದ್ದೆ, ಊಟಕ್ಕೆ ಕೂತಿದ್ದೆ. ಅವನು ತಾನಾಗಿಯೇ ಪೇಪರ್ ತಂದು ತೋರಿಸಿದ್ದ. ಬುದ್ಧರು ರಾಹುಲನಿಗೆ ಏನು ಮಾಡು ಅಂದರೋ ಅದನ್ನೇ ನನ್ನ ಮಗ ಎರಡು ವರ್ಷದ ಹಿಂದೆ ಮಾಡಿದ್ದ. ಸಹಿ ಹಾಕುವುದನ್ನು ಕಲಿತದ್ದು ಅದಾದ ಮೇಲೆ.

ನಮ್ಮ ಸಮಾಜದ ತಂದೆ ತಾಯಿಗಳಿಗೆ ಒಂದು ಮಾತು ಹೇಳಲೇಬೇಕು. ನಮಗೆ ಅಂಜಿಕೆ ಇದೆ. ಈ ಹುಡುಗ ಓದದಿದ್ದರೆ ನಮ್ಮಪ್ಪ ಅಜ್ಜ ಇದ್ದಲ್ಲಿಗೇ ವಾಪಸ್ ಹೋಗುತ್ತಾನೆ ಎನ್ನುವ ಅಂಜಿಕೆ. ಅದು ಸುಳ್ಳು ಅಂಜಿಕೆಯೂ ಅಲ್ಲ. ಆದರೆ ಅದನ್ನು ನಾವು ಬಾಬಾಸಾಹೇಬರ ಹೆಸರಿನ ಬಡಿಗೆ ಮಾಡಿ ಮಕ್ಕಳ ಬೆನ್ನಿಗೆ ಬಾರಿಸುತ್ತೇವೆ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರೂ ಬಿಗಿಯೇ. ಮುಂಬೈಯ ಪರೇಲ್ ಚಾಳಿನ ಒಂದೇ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಮಗನನ್ನು ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಆದರೆ ಮಗ ಪುಸ್ತಕ ಬೇಕೆಂದರೆ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಒಡವೆ ಕೇಳಿ ತಂದು ಅಡವಿಟ್ಟು ಪುಸ್ತಕ ತರುತ್ತಿದ್ದರು, ಪಿಂಚಣಿ ಬಂದ ಮೇಲೆ ಬಿಡಿಸಿಕೊಡುತ್ತಿದ್ದರು. ನಾನು ಎಬ್ಬಿಸಿದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ, ಅಡವಿಟ್ಟದ್ದನ್ನು ಮರೆತಿದ್ದೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಇನ್ನೊಂದು ಪ್ರಸಂಗವಿದೆ. ರಾಹುಲನಿಗೆ ಪಬ್ಬಜ್ಜ ಆದ ಸುದ್ದಿ ತಿಳಿದು ಮುದುಕ ಶುದ್ಧೋದನ ಬುದ್ಧರ ಬಳಿ ಬಂದ. ನೀನು ಹೋದಾಗ ನೋವಾಯಿತು, ನಂದ ಹೋದಾಗ ನೋವಾಯಿತು, ರಾಹುಲ ಹೋದದ್ದು ಎಲುಬಿನ ಒಳಗಿನವರೆಗೂ ಕೊರೆಯಿತು ಎಂದು ಹೇಳಿಕೊಂಡ. ಬುದ್ಧರು ಅವನಿಗೆ ಅನಿತ್ಯದ ಪಾಠ ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ. ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಪಬ್ಬಜ್ಜ ಕೊಡಕೂಡದು ಎಂದು ನಿಯಮ ಮಾಡಿದರು. ಆ ನಿಯಮ ಇಂದಿಗೂ ಸಂಘದಲ್ಲಿದೆ.

ಈಗ ನಮ್ಮ ಮನೆಯಲ್ಲೂ ಒಂದು ನಿಯಮವಿದೆ. ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆದು ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂರುವುದು, ಮೊಬೈಲ್ ಒಳಗೆ ಬಿಟ್ಟು. ಅವನು ಮಾತಾಡಿದರೆ ಸರಿ, ಆಡದಿದ್ದರೂ ಸರಿ. ಏನು ಹೇಳಿದರೂ ಆ ಹತ್ತು ನಿಮಿಷದಲ್ಲಿ ಬುದ್ಧಿ ಹೇಳುವಂತಿಲ್ಲ. ಬುದ್ಧಿಮಾತು ಊಟ ಆದ ಮೇಲೆ. ಎರಡು ಸಲ ನಾನೇ ನಿಯಮ ಮುರಿದೆ, ಅವನೇ ನೆನಪಿಸಿದ. ಹೊಟ್ಟೆನೋವು ಕಮ್ಮಿಯಾಗಿದೆ, ಪೂರಾ ಹೋಗಿಲ್ಲ. ಮೊನ್ನೆಯ ಟೆಸ್ಟ್‌ನಲ್ಲಿ 25ಕ್ಕೆ 11. ಪೇಪರ್ ಅವನೇ ತಂದು ಕೊಟ್ಟ. ಕೈ ನಡುಗುತ್ತಿತ್ತು, ಅವನದೂ ನನ್ನದೂ. ಸಹಿ ಹಾಕಿ ಕೊಟ್ಟೆ.

ಯಾರ ಮನೆಯಲ್ಲಾದರೂ ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಬರೀ ಸುತ್ತ ಓದಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೇ ಮಾಡಬಹುದಾದ ಸಹಾಯವಾಣಿ 1098.

ಈ ರವಿವಾರದ ಓದು ಇದೇ ಸುತ್ತದ ಉಳಿದ ಭಾಗ. ಅವತ್ತು ನಾನು ಕನ್ನಡಿಯ ಹತ್ತಿರ ನಿಲ್ಲಿಸಿದ್ದೆ. ಮಗನೂ ಬರುತ್ತೇನೆ ಅಂದಿದ್ದಾನೆ. ಅವನ ಎದುರಿಗೆ ಯಾರೂ ಮಾರ್ಕ್ಸಿನ ಮಾತು ತೆಗೆಯಬೇಡಿ.

ಜೈ ಭೀಮ್, ನಮೋ ಬುದ್ಧಾಯ.