ನೋವಿನ ಪ್ರಾಮಾಣ್ಯ

ಮೆಣಸಿನಕಾಯಿ ನಾಲಿಗೆಗೆ ತಾಗಿದಾಗ ಹುಟ್ಟುವ ಉರಿಗೆ ಎಲ್ಲಿಯೂ ಬೆಂಕಿ ಕಾರಣವಾಗಿರುವುದಿಲ್ಲ. ಬಾಯಿಯ ಉಷ್ಣತೆ ಸುಡುವ ಮಟ್ಟಕ್ಕೆ ಏರಿರುವುದಿಲ್ಲ, ಚರ್ಮ ಬೆಂದಿರುವುದಿಲ್ಲ, ಆದರೂ ಸುಟ್ಟಿತೆಂಬ ಅನುಭವ ಮಾತ್ರ ಸಂದೇಹಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿರುತ್ತದೆ. ಇಲ್ಲದ ಬಿಸಿಯನ್ನು ಇದೆಯೆಂದು ತೋರಿಸುವ ಈ ಅನುಭವ ಭ್ರಮೆಯೇ, ಭ್ರಮೆಯೆಂದಾದರೆ ಅದರೊಳಗಿನ ನೋವೂ ಭ್ರಮೆಯೇ ಎಂಬ ಪ್ರಶ್ನೆ, ತಿಳಿವಿನ ಸತ್ಯಾಸತ್ಯತೆಯನ್ನು ವಿಚಾರಿಸುವ ಪ್ರಮಾಣಶಾಸ್ತ್ರಕ್ಕೆ ಸೇರಿದ್ದು. ಗಾಯವೇ ಕಾಣದ ದೇಹದಲ್ಲಿ ನೋವನ್ನು ಹೊತ್ತು ಬದುಕುವವರ ವಿಷಯದಲ್ಲಿ ಅದಕ್ಕೆ ದೊರೆಯುವ ಉತ್ತರ ಬಹಳ ಮುಖ್ಯವಾದದ್ದು.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ನರದ ಮೇಲೆ ಹೇಗೆ ಕೆಲಸ ಮಾಡುತ್ತದೆಂಬುದು 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೂಲಿಯಸ್ ಅವರ ತಂಡದ ಶೋಧನೆಯಿಂದ ಬೆಳಕಿಗೆ ಬಂದಿತು. ನೋವನ್ನು ಒಯ್ಯುವ ನರಕೋಶಗಳ ಪೊರೆಯಲ್ಲಿ ನಾಲ್ಕು ಘಟಕಗಳು ಕೂಡಿ ಆದ ಒಂದು ಪ್ರೋಟೀನು ಇದ್ದು, ಅದರ ನಡುವಿನ ರಂಧ್ರ ತೆರೆದಾಗ ಕ್ಯಾಲ್ಸಿಯಂ ಮತ್ತು ಸೋಡಿಯಂ ಅಯಾನುಗಳು, ಎಂದರೆ ವಿದ್ಯುದಾವೇಶವುಳ್ಳ ಕಣಗಳು, ಒಳನುಗ್ಗಿ ನರದಲ್ಲಿ ಸಂಕೇತವನ್ನು ಎಬ್ಬಿಸುತ್ತವೆ. ಈ ಅಯಾನು ನಾಳಕ್ಕೆ ಇಂದು ಟಿಆರ್‌ಪಿವಿ1 ಎಂಬ ಹೆಸರಿದೆ. ಕ್ಯಾಪ್ಸೈಸಿನ್ ಹೀಗೆ ತೆರೆಯುವ ನಾಳವನ್ನು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯೂ ತೆರೆಯುತ್ತದೆ, ಆಮ್ಲವೂ ತೆರೆಯುತ್ತದೆ, ಕರಿಮೆಣಸಿನ ಪೈಪರಿನ್ ಕೂಡ ತೆರೆಯುತ್ತದೆ. ತನ್ನನ್ನು ತೆರೆದದ್ದು ಯಾವುದೆಂದು ಬೇರ್ಪಡಿಸಿ ಹೇಳುವ ಉಪಾಯ ಆ ನಾಳಕ್ಕೆ ಇಲ್ಲದಿರುವುದರಿಂದ ಕೆಂಡಕ್ಕೂ ಖಾರಕ್ಕೂ ಅದು ಕೊಡುವ ಸುದ್ದಿ ಒಂದೇ. ಸ್ಪರ್ಶ ಮತ್ತು ಉಷ್ಣದ ಗ್ರಾಹಕಗಳ ಶೋಧನೆಗಾಗಿ ಜೂಲಿಯಸ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರ ನೊಬೆಲ್ ಪ್ರಶಸ್ತಿ ಸಂದಿತು.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಖಾರ, ಹುಳಿ, ಅತಿಯಾದ ಬಿಸಿ ಮುಂತಾದವನ್ನು ಒಟ್ಟಿಗೆ ಹೆಸರಿಸಿ, ಅಂಥ ಆಹಾರ ದುಃಖವನ್ನೂ ರೋಗವನ್ನೂ ತರುತ್ತದೆಂದು ಹೇಳುವುದರಿಂದ, ಆಧುನಿಕ ಶೋಧನೆಯನ್ನು ಅಲ್ಲಿಯೇ ಕಾಣುವ ಆಸೆ ಕೆಲವರಿಗೆ ಹುಟ್ಟಬಹುದು. ಆ ಶ್ಲೋಕದ ವಿಷಯ ರಾಜಸ ಸ್ವಭಾವದವರ ರುಚಿಯೇ ಹೊರತು ನರಗಳ ರಚನೆಯಲ್ಲ. ಮೆಣಸಿನಕಾಯಿಯಾದರೋ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಈ ನೆಲಕ್ಕೆ ಬಂದದ್ದು. ದರ್ಶನಗಳ ನಿಜವಾದ ನೆರವು ಬೇರೆಡೆ ಇದೆ.

ಹಗ್ಗವನ್ನು ಹಾವೆಂದು ಕಂಡವನ ಭ್ರಮೆ ಹಗ್ಗದ ತಿಳಿವು ಮೂಡಿದೊಡನೆ ಅಳಿಯುತ್ತದೆ. ಆದರೆ ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಬಿಳಿಯದೆಂದು ತಿಳಿದ ಮೇಲೂ ಹೂವು ಅಲ್ಲಿರುವವರೆಗೆ ಅದು ಕೆಂಪಾಗಿಯೇ ಕಾಣುತ್ತದೆ. ಹೀಗೆ ಪಕ್ಕದ ಒಂದು ನಿಮಿತ್ತಕ್ಕೆ ಕಟ್ಟುಬಿದ್ದ ಭ್ರಮೆಯನ್ನು ವೇದಾಂತಿಗಳು ಸೋಪಾಧಿಕ ಭ್ರಮವೆಂದು ಕರೆದು ಮೊದಲನೆಯದರಿಂದ ಬೇರ್ಪಡಿಸಿದರು. ಖಾರದಲ್ಲಿ ತೋರುವ ಬಿಸಿ ಈ ಎರಡನೆಯ ಬಗೆಗೆ ಸೇರುತ್ತದೆ, ಏಕೆಂದರೆ ಅಯಾನು ನಾಳದ ವಿಷಯವನ್ನೆಲ್ಲ ಓದಿ ತಿಳಿದವರ ನಾಲಿಗೆಯೂ ಕ್ಯಾಪ್ಸೈಸಿನ್ ಅಲ್ಲಿಂದ ತೊಲಗುವವರೆಗೆ ಉರಿಯುತ್ತಲೇ ಇರುತ್ತದೆ. ಆ ಉರಿ ಕಾಯಿಯ ಗುಣವೂ ಅಲ್ಲ. ಹಕ್ಕಿಗಳಲ್ಲಿಯೂ ಈ ನಾಳವಿದ್ದು ಬಿಸಿಗೆ ತೆರೆದುಕೊಳ್ಳುತ್ತದೆಯಾದರೂ ಅದರ ರಚನೆಯಲ್ಲಿನ ಸಣ್ಣ ವ್ಯತ್ಯಾಸದಿಂದಾಗಿ ಕ್ಯಾಪ್ಸೈಸಿನ್ ಅದನ್ನು ತೆರೆಯಲಾರದು. ಆದ್ದರಿಂದ ಅವು ಕೆಂಪು ಹಣ್ಣನ್ನು ನಿರಾತಂಕವಾಗಿ ತಿಂದು ಬೀಜವನ್ನು ದೂರದೂರಕ್ಕೆ ಒಯ್ಯುತ್ತವೆ.

ಇಷ್ಟರಿಂದ ಸುಳ್ಳೆಂದು ಸಿದ್ಧವಾಗುವುದು ಬಿಸಿ ಮಾತ್ರ, ನೋವಲ್ಲ. ಈ ವಿವೇಚನೆಯನ್ನು ಅತ್ಯಂತ ದೃಢವಾಗಿ ಮಾಡಿದವರು ಉಡುಪಿಯ ಮಧ್ವಾಚಾರ್ಯರು. ಅವರ ಮತದಲ್ಲಿ ಕಣ್ಣು, ಕಿವಿ, ಮನಸ್ಸು ಮುಂತಾದ ಇಂದ್ರಿಯಗಳು ದೋಷಕ್ಕೆ ಒಳಗಾಗಬಹುದು. ಆದರೆ ಸಾಕ್ಷಿ, ಎಂದರೆ ಜೀವಾತ್ಮನ ಸ್ವರೂಪವೇ ಆಗಿರುವ ಒಳಗಿನ ಅರಿವಿನ ಶಕ್ತಿ, ಎಂದೂ ತಪ್ಪುವುದಿಲ್ಲ, ಮತ್ತು ಸುಖದುಃಖಗಳು ನೇರವಾಗಿ ಅದಕ್ಕೇ ಗೋಚರವಾಗುತ್ತವೆ. ಅದ್ವೈತಿಗಳೂ ಸುಖದುಃಖಗಳನ್ನು ಬೆಳಗುವುದು ಸಾಕ್ಷಿಯೇ ಎಂದು ಒಪ್ಪುತ್ತಾರೆ, ಆದರೆ ಪರಮಾರ್ಥದಲ್ಲಿ ಆ ದುಃಖಕ್ಕೆ ಸತ್ಯತೆಯನ್ನು ಕೊಡುವುದಿಲ್ಲ. ಮಧ್ವರಾದರೋ ಸಾಕ್ಷಿ ಕಂಡ ದುಃಖವನ್ನು ಮುಂದೆ ಯಾವ ತಿಳಿವೂ ಅಲ್ಲಗಳೆಯಲಾರದೆಂದು ನಿಲ್ಲುತ್ತಾರೆ. ಮೋಕ್ಷದ ವಿಚಾರದಲ್ಲಿ ಯಾರ ಪಕ್ಷ ಗೆದ್ದರೂ ರೋಗಿಯ ಹಾಸಿಗೆಯ ಬಳಿ ಮಧ್ವರ ನಿಲುವೇ ಸರಿಯಾದದ್ದು. ‘ಇಲ್ಲಿ ಸುಡುತ್ತಿದೆ’ ಎಂಬ ತಿಳಿವಿನಲ್ಲಿ ‘ಇಲ್ಲಿ’ ಎಂಬ ಅಂಶವನ್ನೂ ‘ಸುಡುವ ವಸ್ತುವಿದೆ’ ಎಂಬ ಅಂಶವನ್ನೂ ತಿದ್ದಬಹುದು. ನೋಯುತ್ತಿದೆಯೆಂಬುದನ್ನು ತಿದ್ದಲು ಹೊರಗಿನವರಿಗೆ ಆಧಾರವೇ ಇಲ್ಲ.

ರೋಗದಲ್ಲಿ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ಉರಿಯೂತವಾದ ಕಡೆ ಬ್ರಾಡಿಕೈನಿನ್, ಪ್ರೊಸ್ಟಾಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಟಿಆರ್‌ಪಿವಿ1ನ ಸೂಕ್ಷ್ಮತೆಯನ್ನು ಹೆಚ್ಚಿಸಿ, ಅದು ತೆರೆದುಕೊಳ್ಳುವ ಉಷ್ಣತೆಯನ್ನು ಕೆಳಕ್ಕೆ ಇಳಿಸುವುದರಿಂದ, ಬಿಸಿಲಿಗೆ ಬೆಂದ ಬೆನ್ನಿಗೆ ಉಗುರುಬೆಚ್ಚನೆಯ ನೀರು ಕುದಿನೀರಿನಂತೆ ತಾಗುತ್ತದೆ. ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳು ಕಳೆದ ಮೇಲೂ ಉಳಿಯುವ ನರದ ನೋವಿನಲ್ಲಿ, ಸಕ್ಕರೆ ಕಾಯಿಲೆಯವರ ಪಾದದ ಉರಿಯಲ್ಲಿ, ಚರ್ಮವನ್ನು ಎಷ್ಟು ಪರೀಕ್ಷಿಸಿದರೂ ಗಾಯವೇ ಕಾಣದಿರಬಹುದು. ಅಂಥವರಿಗೆ ‘ಏನೂ ಇಲ್ಲ, ಎಲ್ಲ ಮನಸ್ಸಿನದು’ ಎಂದು ಹೇಳುವುದು ಬಿಸಿಯ ಅಭಾವದಿಂದ ನೋವಿನ ಅಭಾವವನ್ನು ಊಹಿಸುವ ತರ್ಕದೋಷ. ಅದರಿಂದ ನೊಂದವರಿಗೆ ಆಗುವುದು ಅನ್ಯಾಯ.

ನಾಳವನ್ನು ಮುಚ್ಚಿಬಿಟ್ಟರೆ ನೋವು ತೀರುತ್ತದೆಂಬ ಆಸೆಯಿಂದ ತಯಾರಿಸಿದ ಕೆಲವು ಔಷಧಿಗಳು ಮನುಷ್ಯರ ಮೇಲಿನ ಪ್ರಯೋಗದಲ್ಲಿ ಮೈಯ ಉಷ್ಣತೆಯನ್ನು ಏರಿಸಿದವು, ಇನ್ನು ಕೆಲವು ಅಪಾಯಕಾರಿ ಬಿಸಿಯ ಅರಿವನ್ನೇ ಕುಗ್ಗಿಸಿದವು. ಕಾಪಾಡುವ ಕೆಲಸವನ್ನೂ ಕಾಡುವ ಕೆಲಸವನ್ನೂ ಒಂದೇ ನಾಳ ಮಾಡುವುದರಿಂದ ಒಂದನ್ನು ಬಿಡಿಸಿ ತೆಗೆಯುವುದು ಸುಲಭವಾಗಲಿಲ್ಲ. ಫಲ ಕೊಟ್ಟದ್ದು ವಿರುದ್ಧ ದಾರಿ. ಶೇಕಡ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ನೋಯುವ ಚರ್ಮಕ್ಕೆ ಸ್ವಲ್ಪ ಹೊತ್ತು ಅಂಟಿಸಿದರೆ, ಅತಿಯಾಗಿ ಕೆರಳಿದ ನರದ ತುದಿಗಳು ಚರ್ಮದಿಂದ ಹಿಂದೆ ಸರಿದು ಮತ್ತೆ ಬೆಳೆಯುವವರೆಗೆ ಸುಮ್ಮನಿರುತ್ತವೆ. ಸರ್ಪಸುತ್ತಿನ ನಂತರದ ನೋವಿಗೆ ಅಮೆರಿಕದಲ್ಲಿ ಇದಕ್ಕೆ 2009ರಲ್ಲಿ ಒಪ್ಪಿಗೆ ದೊರೆಯಿತು. ಈ ಪಟ್ಟಿಯಿಂದ ಗುಣವಾಯಿತೋ ಇಲ್ಲವೋ ಎಂಬುದನ್ನು ಪ್ರಯೋಗಗಳಲ್ಲಿ ನಿರ್ಧರಿಸಿದ್ದು ಯಂತ್ರವಲ್ಲ. ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ತನ್ನ ನೋವು ಎಷ್ಟೆಂದು ರೋಗಿ ಹೇಳಿದ ಮಾತನ್ನೇ ವೈದ್ಯರು ಅಳತೆಯಾಗಿ ಹಿಡಿದರು. ಆ ಮಾತಿನಲ್ಲಿ ಯಾರಾದರೂ ಸುಳ್ಳು ಹೇಳಬಹುದಾದರೂ ಅದು ಮಾತಿನ ದೋಷವಾಗುತ್ತದೆಯೇ ವಿನಾ ಅನುಭವದ ದೋಷವಾಗುವುದಿಲ್ಲ.