ಒಂದೇ ಉಸಿರಿನ ಎರಡು ಮಾತು



ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕರ್ತನು ಹನ್ನೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸುತ್ತಾನೆ. ಕಳುಹಿಸುವ ಮುನ್ನ ಅವರಿಗೆ ಎರಡು ಮಾತು ಹೇಳುತ್ತಾನೆ. ಬೆಲೆ ತೆರದೆ ಪಡೆದದ್ದನ್ನು ಬೆಲೆ ಕೇಳದೆ ಹಂಚಬೇಕೆಂಬುದು ಒಂದು. ದುಡಿಯುವವನಿಗೆ ಅನ್ನ ಸಲ್ಲಬೇಕೆಂಬುದು ಇನ್ನೊಂದು. ಎರಡರ ನಡುವೆ ಹಣ, ಚೀಲ, ಅಂಗಿ, ಕೆರ, ಕೋಲುಗಳ ಮಾತು ಬಿಟ್ಟರೆ ಬೇರೇನೂ ಇಲ್ಲ. ಒಂದೇ ಬಾಯಿ, ಒಂದೇ ಉಸಿರು, ಒಂದೇ ಅಪ್ಪಣೆ. ಮೊದಲನೆಯ ಮಾತು ಕೊಡುವವನಿಗೆ, ಎರಡನೆಯದು ಪಡೆಯುವವನಿಗೆ. ನಾವೋ ಪಡೆಯುವ ಕಡೆ ನಿಂತು ಮೊದಲನೆಯದನ್ನು ಬಾಯಿಪಾಠ ಮಾಡಿಕೊಂಡೆವು, ಎರಡನೆಯದನ್ನು ಮರೆತೆವು.

ನಿಮ್ಮಲ್ಲಿ ಅನೇಕರು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಸಾಫ್ಟ್‌ವೇರ್ ಕೆಲಸದಿಂದ ಮನೆ ನಡೆಸುವವರು. ಅದಕ್ಕಾಗಿಯೇ ಈ ವಚನವನ್ನು ನಿಮ್ಮ ಕೆಲಸದ ಮೇಜಿನ ಮೇಲೆ ಇಡುತ್ತಿದ್ದೇನೆ. ಕೋಡನ್ನು ಎಲ್ಲರಿಗೂ ತೆರೆದಿಟ್ಟು ಹಂಚುವ ಓಪನ್ ಸೋರ್ಸ್ ಎಂದರೇನೆಂದು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ಅನ್ನು ಎಲ್ಲರ ಮುಂದಿಟ್ಟ. ನಿಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು ಇಂದಿಗೂ ಅದೇ ಲಿನಕ್ಸ್ ಮೇಲೆ ನಿಂತಿದೆ. ಹಂಚಿದರೆ ಹೊಟ್ಟೆ ತುಂಬುವುದಿಲ್ಲ ಎಂಬ ಮಾತೂ ನಿಜವಲ್ಲ. ಲಿನಕ್ಸ್ ಅನ್ನೇ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಹೊಟ್ಟೆ ತುಂಬಿದೆ, ನಿಜ. ಯಾರದು ತುಂಬಿತು, ಯಾರದು ಬರಿದಾಗಿಯೇ ಉಳಿಯಿತು ಎಂಬುದನ್ನೇ ನಾವು ದೇವರ ಮುಂದೆ ನಿಂತು ಕೇಳಿಕೊಳ್ಳಬೇಕು.

2014ರ ಏಪ್ರಿಲ್ ತಿಂಗಳು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತಿದಾಗ ಅದನ್ನು ದಾರಿಯಲ್ಲಿ ಯಾರೂ ಓದದಂತೆ ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಕೋಡಿನಲ್ಲಿ ಒಂದು ತೂತು ಕಂಡಿತು; ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಎರಡು ವರ್ಷ ಆ ತೂತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಗ ಲೋಕವು ಮೊದಲ ಬಾರಿಗೆ ತಿರುಗಿ ನೋಡಿತು: ಇಷ್ಟೊಂದು ವ್ಯಾಪಾರ ಒರಗಿಕೊಂಡ ಈ ಗೋಡೆಯನ್ನು ಕಾಯುತ್ತಿರುವವರು ಯಾರು? ಪೂರ್ಣಾವಧಿ ದುಡಿಯುತ್ತಿದ್ದವನು ಒಬ್ಬನೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಹತ್ತು ವರ್ಷ ಕಳೆದ ಮೇಲೆ, 2024ರ ಮಾರ್ಚಿನಲ್ಲಿ, ನಾವು ಪಾಠ ಕಲಿತಿರಲಿಲ್ಲವೆಂಬುದು ಗೊತ್ತಾಯಿತು. ಎಕ್ಸ್‌ಜೆಡ್ ಎಂಬ ಸಣ್ಣ ಉಪಕರಣ. ಕಡತಗಳನ್ನು ಕುಗ್ಗಿಸುವುದಷ್ಟೇ ಅದರ ಕೆಲಸ. ಅದನ್ನು ವರ್ಷಗಳಿಂದ ಬಹುಮಟ್ಟಿಗೆ ಒಬ್ಬನೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ. ಅವನು ದಣಿದಿದ್ದ, ದಣಿದಿದ್ದೇನೆಂದು ಹೇಳಿಯೂ ಇದ್ದ. ಆದರೂ ಗುರುತಿಲ್ಲದ ಹೆಸರುಗಳಿಂದ ಪತ್ರಗಳು ಬಂದವು: ಯಾಕೆ ತಡ, ಯಾಕೆ ಇಷ್ಟು ನಿಧಾನ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡು. ಆ ಹೊತ್ತಿಗೆ ನೆರವಿಗೆಂದು ಒಬ್ಬ ಬಂದ. ಎರಡು ವರ್ಷ ತಾಳ್ಮೆಯಿಂದ ದುಡಿದು ನಂಬಿಕೆ ಗಳಿಸಿದ. ನಂಬಿಕೆ ಗಳಿಸಿದ ಮೇಲೆ ಲೋಕದ ಸರ್ವರ್‌ಗಳಿಗೆ ನುಗ್ಗಲು ಒಂದು ಕಳ್ಳಬಾಗಿಲನ್ನು ಒಳಗಿಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅನುಮಾನಪಟ್ಟದ್ದರಿಂದ ಅದು ಸಿಕ್ಕಿಬಿತ್ತು. ಅರ್ಧ ಸೆಕೆಂಡು! ಅದನ್ನು ದೇವರ ಕರುಣೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ತೋಳವು ಕುರಿಯ ವೇಷದಲ್ಲಿ ಬಂದಿತ್ತು, ದಿಟವೇ. ಆದರೆ ಕುರುಬನನ್ನು ಒಂಟಿಯಾಗಿ ಬಿಟ್ಟು ಬೇಲಿಯನ್ನು ಸಡಿಲಗೊಳಿಸಿದವರು ನಾವು.

ಇದರಲ್ಲಿ ಪಾಪ ಎಲ್ಲಿದೆ, ಸ್ವಾಮಿ? ನಾವು ಲೈಸನ್ಸ್ ಮೀರಿಲ್ಲವಲ್ಲ! ಹೀಗೆ ನೀವು ಕೇಳಬಹುದು. ಹೌದು, ಮೀರಿಲ್ಲ. ಎಂಐಟಿ ಲೈಸನ್ಸ್ ಕೇಳುವುದು ಇಷ್ಟೇ: ಬರೆದವನ ಹೆಸರಿನ ಸೂಚನೆಯನ್ನೂ ಲೈಸನ್ಸಿನ ಪಠ್ಯವನ್ನೂ ಅಳಿಸಬೇಡಿ. ಅಷ್ಟನ್ನು ನಿಮ್ಮ ಕಂಪನಿಯ ಕಾನೂನು ವಿಭಾಗ ಚಾಚೂ ತಪ್ಪದೆ ಪಾಲಿಸಿರುತ್ತದೆ. ಆದರೆ ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಕರ್ತನು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳನ್ನು ನೆನೆಯಿರಿ. ಕೃತಜ್ಞತೆ ಹೇಳಲು ಹಿಂದಿರುಗದ ಒಂಬತ್ತು ಮಂದಿ ಯಾವ ಆಜ್ಞೆಯನ್ನು ಮೀರಿದರು? ಯಾಜಕರಿಗೆ ತೋರಿಸಿಕೊಳ್ಳಿರಿ ಎಂದ, ಅವರು ಹೋದರು. ಹೇಳಿದಷ್ಟನ್ನು ಮಾಡಿದರು, ಹೇಳಿದಷ್ಟನ್ನೇ ಮಾಡಿದರು. ಕರ್ತನು ಅವರ ಆರೋಗ್ಯವನ್ನು ಕಿತ್ತುಕೊಳ್ಳಲಿಲ್ಲ. ಕೊಟ್ಟ ದಾನ ಕೊಟ್ಟದ್ದೇ. ಆದರೂ ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದನು. ಪ್ರಿಯರೇ, ಆ ಪ್ರಶ್ನೆ ಇನ್ನೂ ಗಾಳಿಯಲ್ಲಿದೆ. ನಿಯಮಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿ ಪ್ರೀತಿಗೆ ಸಲ್ಲಬೇಕಾದ್ದನ್ನು ಮರೆಯುವುದೂ ಪಾಪವೇ. ಗೌರವಸ್ಥರು ಸುಲಭವಾಗಿ ಮಾಡುವ ಪಾಪವಾದ್ದರಿಂದ ನಾವು ಅದನ್ನು ಅರಿಕೆ ಮಾಡುವುದು ಅಪರೂಪ.

ಕೊಡುವವನಿಗೂ ಶೋಧನೆಯುಂಟು. 2022ರ ಜನವರಿಯಲ್ಲಿ ಒಬ್ಬ ಡೆವಲಪರ್, ದೊಡ್ಡ ಕಂಪನಿಗಳಿಗೆ ಪುಕ್ಕಟೆ ದುಡಿದು ಸಾಕಾಯಿತೆಂದು, ಸಾವಿರಾರು ಪ್ರಾಜೆಕ್ಟುಗಳು ನೆಚ್ಚಿಕೊಂಡಿದ್ದ ತನ್ನದೇ ಕೋಡನ್ನು ತಾನೇ ಕೆಡಿಸಿದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಅವನ ದಾರಿಯನ್ನು ನಾನು ಒಪ್ಪಲಾರೆ. ಕೆಲವು ಕಂಪನಿಗಳು ತೆರೆದಿಟ್ಟ ಬಾಗಿಲನ್ನು ಮುಚ್ಚಿದವು. 2023ರಲ್ಲಿ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್ ಲೈಸನ್ಸ್ ಬಿಗಿಮಾಡಿದವು. ತಾವು ಬೆಳೆಸಿದ್ದನ್ನು ದೊಡ್ಡ ಕ್ಲೌಡ್ ಕಂಪನಿಗಳು ಮಾರಿಕೊಂಡು ಗಳಿಸುತ್ತಿವೆ ಎಂಬುದು ರೆಡಿಸ್‌ನ ದೂರು. ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಕೋಡಿಗೆ ಕೈಜೋಡಿಸಿದ್ದ ಹೊರಗಿನ ಜನ ಏನಾಗಬೇಕು? ಅವರು ಹಳೆಯ ಪ್ರತಿಯನ್ನು ಹಿಡಿದು ವಾಲ್ಕೀ ಎಂಬ ಹೆಸರಿನಲ್ಲಿ ಬೇರೆಯಾದರು. ಮರುವರ್ಷ ರೆಡಿಸ್ ಮತ್ತೆ ಮುಕ್ತ ಲೈಸನ್ಸಿಗೆ ಮರಳಿತು. ಸಂಸ್ಥೆಗಳು ಹಿಂದಿರುಗುವುದಾದರೆ ಮನುಷ್ಯರು ಹಿಂದಿರುಗಲಾರರೇ?

ಬದುಕು ಬದಲಾಗುತ್ತದೆ, ಸಹೋದರರೇ, ಬದಲಾಗುತ್ತದೆ, ಸಹೋದರಿಯರೇ. ಜರ್ಮನಿಯ ವೆರ್ನರ್ ಕಾಖ್ 1997ರಿಂದ ಗ್ನೂಪಿಜಿ ಎಂಬ ಗುಪ್ತಲಿಪಿ ತಂತ್ರಾಂಶವನ್ನು ಕಟ್ಟಿ ಕಾಯುತ್ತಿದ್ದರು. ಪತ್ರಕರ್ತರೂ ಇಂಜಿನಿಯರರೂ ಜಗತ್ತಿನಾದ್ಯಂತ ಅದನ್ನು ನಂಬಿದ್ದರು. ಕಾಖ್ ಅವರೋ ಕೈಯಲ್ಲಿ ಕಾಸಿಲ್ಲದೆ ಬಿಟ್ಟುಬಿಡುವ ಯೋಚನೆಗೆ ಬಂದಿದ್ದರು. 2015ರ ಫೆಬ್ರವರಿಯಲ್ಲಿ ಒಂದು ಪತ್ರಿಕಾ ವರದಿ ಈ ಸಂಗತಿಯನ್ನು ಬಯಲಿಗಿಟ್ಟಿತು. ಜನ ಕೂಡಲೇ ಕೊಟ್ಟರು; ಫೇಸ್‌ಬುಕ್ ಮತ್ತು ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಮಾತುಕೊಟ್ಟವು. ಹಣ ಆ ಮೊದಲೂ ಇತ್ತು, ಮನಸ್ಸೂ ಇತ್ತು, ನೋಟ ಮಾತ್ರ ಇರಲಿಲ್ಲ. ಕೃಪೆಯು ಮೊದಲು ಕಣ್ಣು ತೆರೆಸುತ್ತದೆ, ಆಮೇಲೆ ಕೈ ತೆರೆಸುತ್ತದೆ. ನಮ್ಮ ಬೆಂಗಳೂರಿನ ಜೆರೋಧಾ ಕಂಪನಿ 2024ರಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಿತು. ಅವರು ನಮ್ಮ ಸಭೆಯವರಲ್ಲ. ಹಿಂದಿರುಗಿ ಬಂದ ಆ ಒಬ್ಬ ಕುಷ್ಠರೋಗಿಯೂ ಸಮಾರ್ಯದವನೇ ಆಗಿದ್ದನಲ್ಲವೇ?

ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದನು. ಸುವಾರ್ತೆಗೆ ಕೂಲಿ ಕೇಳಲಿಲ್ಲ. ಆದರೆ ಅದೇ ಕೊರಿಂಥದವರಿಗೆ ಪತ್ರ ಬರೆಯುವಾಗ, ಹಂತಿ ತುಳಿಯುವ ಎತ್ತಿಗೂ ಬಾಯಿಕುಕ್ಕೆ ಹಾಕಬಾರದೆಂಬ ಮೋಶೆಯ ಕಟ್ಟಳೆಯನ್ನು ನೆನಪಿಸಿದನು. ತನ್ನ ಹಕ್ಕನ್ನು ತಾನು ಬಿಟ್ಟನು, ಹಕ್ಕೇ ಇಲ್ಲವೆಂದು ಹೇಳಲಿಲ್ಲ. ಅವನವನ ಹಕ್ಕನ್ನು ಅವನವನು ಬಿಡಬಹುದು. ಇನ್ನೊಬ್ಬನ ಹಕ್ಕನ್ನು ಅವನ ಪರವಾಗಿ ನಾವು ಬಿಟ್ಟುಕೊಡುವ ಹಾಗಿಲ್ಲ.

ಆದ್ದರಿಂದ, ಪ್ರಿಯರೇ, ನಾಳೆ ಸೋಮವಾರ. ನಿಮ್ಮ ತಂಡ ಯಾವ ಯಾವ ಲೈಬ್ರರಿಗಳನ್ನು ನೆಚ್ಚಿಕೊಂಡಿದೆಯೋ ಆ ಪಟ್ಟಿಯನ್ನು ತೆರೆಯಿರಿ, ಹೆಸರುಗಳನ್ನು ಓದಿರಿ, ಅವರಿಗಾಗಿ ಪ್ರಾರ್ಥಿಸಿರಿ. ಮ್ಯಾನೇಜರ್ ಆಗಿರುವವರು ಬಜೆಟ್ಟಿನಲ್ಲಿ ಅವರಿಗೆ ಪಾಲಿಡಿರಿ. ಹಣದ ಅಧಿಕಾರವಿಲ್ಲದವರು ಒಂದು ಬಗ್ ಸರಿಪಡಿಸಿ ಕಳುಹಿಸಿರಿ. ಅದೂ ಆಗದವರು ಯಾಕೆ ತಡ ಎಂದು ಕೇಳುವ ಪತ್ರವನ್ನು ಬರೆಯದೆ ಬಿಡಿರಿ. ಇಂಥ ಕೋಡನ್ನು ಕಾದು ದಣಿದಿರುವ ಮೇಂಟೇನರ್ ಯಾರಾದರೂ ಇಲ್ಲೇ ಕುಳಿತಿದ್ದರೆ, ವಿಶ್ರಾಂತಿಯ ದಿನ ನಿನಗೂ ಕೊಟ್ಟದ್ದು, ಮಗನೇ, ಮಗಳೇ. ಸಾಕಾಯಿತೆಂದು ಹೇಳುವುದು ಪಾಪವಲ್ಲ. ಇನ್ನು ನಮ್ಮ ಸಭೆ. ಆರಾಧನೆಯಲ್ಲಿ ಗೋಡೆಯ ಮೇಲೆ ಕೀರ್ತನೆಯ ಸಾಲುಗಳನ್ನು ತೋರಿಸುವ ಓಪನ್‌ಎಲ್‌ಪಿ ತಂತ್ರಾಂಶವೂ ಸ್ವಯಂಸೇವಕರು ಕಟ್ಟಿದ್ದು. ಅದಕ್ಕೆ ನಾವು ಇದುವರೆಗೆ ಏನೂ ಕೊಟ್ಟಿಲ್ಲ. ಮುಂದಿನ ಸಮಿತಿ ಸಭೆಯಲ್ಲಿ ಮೈಕ್ ರಿಪೇರಿಯ ಖರ್ಚನ್ನು ಬರೆಯುವ ಸಾಲಿನ ಕೆಳಗೇ ಅವರಿಗೂ ಒಂದು ಸಾಲು ಬರೆಯೋಣ. ಮೊತ್ತವೆಷ್ಟೆಂದು ಖಜಾಂಚಿಯವರು ತೀರ್ಮಾನಿಸಲಿ. ಸೊನ್ನೆ ಮಾತ್ರ ಬೇಡ.